ಅಕ್ಕೂರು ಮಾಯಮ್ಮನ ಘಾಟು

ಘಾಟು ಎಂದರೇನು ಎಂದು ಪೇಟೆಯವರನ್ನು ಕೇಳಿ ನೋಡಿ. ಉತ್ತರಕ್ಕಿಂತ ಮೊದಲು ಮೂಗಿಗೆ ಕರ್ಚೀಫು ಹೋಗುತ್ತದೆ. ಕೆಟ್ಟ ವಾಸನೆ ಅಂದುಬಿಡುತ್ತಾರೆ. ಪಾಪ, ಅವರಿಗೆ ಘಾಟೂ ಒಂದೇ, ನಾತವೂ ಒಂದೇ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ, ಮಾಯಮ್ಮನ ಎದುರಿಗೆ ಯಾರಾದರೂ ಹಾಗೆ ಅಂದರೋ, ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಡುತ್ತಾಳೆ.

"ನಾತ ಮೂಗಿಗೆ ಹೊಡೀತದೆ, ಘಾಟು ನೆತ್ತಿಗೆ ಹೊಡೀತದೆ. ನಾತ ಬಂದ್ರೆ ಊಟ ಬ್ಯಾಡ ಅನ್ನಿಸ್ತದೆ, ಘಾಟು ಬಂದ್ರೆ ಬಾಯಲ್ಲಿ ನೀರು ಬತ್ತದೆ. ಅಷ್ಟೂ ಗೊತ್ತಿಲ್ದಿದ್ರೆ ಮೂಗು ಯಾಕ್ ಮಡಿಕ್ಕಂಡಿದ್ದೀರಿ, ಕನ್ನಡಕ ಇಕ್ಕಳಕ್ಕಾ?"

ಇದು ಮಾಯಮ್ಮನ ಮಾತಿನ ಧಾಟಿ. ಊರಿನವರು ಅವಳ ಹಿಂದೆ, ಕೆಲವು ಗಟ್ಟಿಗರು ಮುಂದೆಯೂ, "ಒಸಿ ಘಾಟು ಹೆಂಗ್ಸು ಕಣಪ್ಪ" ಅನ್ನುತ್ತಾರೆ. ಹೊಗಳಿಕೆ ಎಂದೇ ಅವಳು ತಿಳಿದಿದ್ದಾಳೆ. ನಿಜ ಹೇಳಬೇಕೆಂದರೆ ಹೊಗಳಿಕೆಯೇ.

ಅವಳು ಹುಟ್ಟಿದ್ದು ಬೈರಾಪಟ್ಟಣದಲ್ಲಿ. ತಾಯಿಯ ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದೆಂದರೆ ಸಣ್ಣ ಕೆಲಸವಲ್ಲ. ಬಾಣಲೆ ಕಾದ ಮೇಲೆ ಮೊದಲು ಘಮ ಬರುತ್ತದೆ, ಆಮೇಲೆ ಘಾಟು ಏಳುತ್ತದೆ, ಒಂದು ಚೂರು ಮೈಮರೆತರೆ ಸೀದ ವಾಸನೆ. ಘಮಕ್ಕೇ ಇಳಿಸಿದರೆ ಪುಡಿ ಸಪ್ಪೆ, ಸೀದ ಮೇಲೆ ಇಳಿಸಿದರೆ ಕಹಿ. ಘಾಟು ಎದ್ದು ಹುರಿಯುವವಳಿಗೆ ಎರಡು ಕೆಮ್ಮು ಬಂದಾಗ ಇಳಿಸಬೇಕು ಎಂದು ತಾಯಿ ಹೇಳಿಕೊಟ್ಟಿದ್ದಳು. ಒಂದು ಕೆಮ್ಮಿಗೆ ಇಳಿಸುವವಳು ಆತುರಗಾತಿ, ಮೂರಕ್ಕೆ ಇಳಿಸುವವಳು ಸೋಂಬೇರಿ. ಮಾಯಮ್ಮನಿಗೆ ಸೊಪ್ಪು ಬಿಡಿಸಲು ಬರುವ ಮೊದಲೇ ಈ ಲೆಕ್ಕ ಬಂದಿತ್ತು.

ಹೊಗೆಸೊಪ್ಪಿನ ಘಾಟು ಬೇರೆ, ಸಾಸಿವೆಯ ಘಾಟು ಬೇರೆ, ಬೆಳ್ಳುಳ್ಳಿ ಜಜ್ಜಿ ಎಣ್ಣೆಗೆ ಬಿಟ್ಟಾಗಿನದು ಬೇರೆ. ಮೆಣಸಿನಕಾಯಿಯದು ಗಂಟಲಲ್ಲಿ ಕೂರುತ್ತದೆ, ಕಾಳುಮೆಣಸಿನದು ಮೂಗಿನ ಬುಡದಲ್ಲಿ, ಸಾಸಿವೆಯದು ಕಣ್ಣ ಹಿಂದೆ. ಇಷ್ಟನ್ನೂ ಒಂದೇ ಪದದಲ್ಲಿ ಹೇಳಿ ಮುಗಿಸುವುದು ನಮ್ಮ ಜನರ ಸೋಮಾರಿತನವೋ ಜಾಣತನವೋ ಗೊತ್ತಿಲ್ಲ. ಮಾಯಮ್ಮ ಮಾತ್ರ ಬೀದಿಯ ತುದಿಯಲ್ಲಿ ನಿಂತೇ ಯಾರ ಮನೆಯಲ್ಲಿ ಏನು ಒಲೆಯ ಮೇಲಿದೆ ಎಂದು ಹೇಳುತ್ತಿದ್ದಳು.

ಇಂಥ ಮೂಗನ್ನು ತಂದು ಹಿರಿಯರು ಮದುವೆ ಮಾಡಿದ್ದು ಎಲ್ಲಿಗೆ? ಅಕ್ಕೂರಿಗೆ. ಅದರಲ್ಲೂ ಹುಳ ಸಾಕುವ ಮನೆಗೆ.

ರೇಷ್ಮೆ ಹುಳಕ್ಕೆ ಈ ಭೂಮಿಯ ಮೇಲೆ ಹಿತವಾದದ್ದು ಹಿಪ್ಪುನೇರಳೆ ಸೊಪ್ಪಿನ ವಾಸನೆ ಒಂದೇ. ಮಿಕ್ಕಿದ್ದೆಲ್ಲ ಅದಕ್ಕೆ ವೈರಿ. ಹುಳ ಮನೆಯಲ್ಲಿದ್ದಾಗ ಬೀಡಿ ಸೇದುವವನು ಊರಾಚೆ ಹೋಗಬೇಕು, ದೇವರಿಗೆ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ. ಘಾಟು ತಾಕಿದರೆ ಹುಳ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಕೂರುತ್ತದೆ. ಆಮೇಲೆ ಬೆಳೆ ಕೈಗೆ ಬಂದಂತೆಯೇ. ಹೊಸ ಮದುವಣಗಿತ್ತಿಗೆ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಹುಳ ಸಾಕುವವರಿಗೆ ಇದು ಹೇಳಬೇಕಾದ ವಿಷಯ ಎಂದೇ ಹೊಳೆಯುವುದಿಲ್ಲ, ಬೆಂಕಿ ಸುಡುತ್ತದೆ ಎಂದು ಯಾರು ತಾನೇ ಹೇಳಿಕೊಡುತ್ತಾರೆ?

ಬಂದ ಹೊಸತರಲ್ಲಿ ಅತ್ತೆ ನಾಗಲಕ್ಷ್ಮಮ್ಮನನ್ನು ಮೆಚ್ಚಿಸಲೆಂದು ಮಾಯಮ್ಮ ಬೆಳಿಗ್ಗೆ ಎದ್ದು, ಮಿಂದು, ಬಾಣಲೆ ತುಂಬ ಮೆಣಸಿನಕಾಯಿ ಹುರಿಯಲು ಕೂತಳು. ಎರಡನೇ ಕೆಮ್ಮು ಬರುವಷ್ಟರಲ್ಲಿ ಮನೆಯೇ ಮೇಲೆ ಬಿದ್ದಂತಾಯಿತು. ಮಾವ ಕೂಗಿಕೊಂಡು ಓಡಿ ಬಂದರು, ಅತ್ತೆ ಒಂದು ಬಿಂದಿಗೆ ನೀರು ತಂದು ಒಲೆಗೇ ಸುರಿದಳು, ಗಂಡ ಬೋರಲಿಂಗಯ್ಯ ಎರಡು ಕೈಯಲ್ಲೂ ಮೊರ ಹಿಡಿದು ಹುಳ ಸಾಕುವ ಬಿದಿರಿನ ತಟ್ಟೆಗಳಿಗೆ ಗಾಳಿ ಹಾಕುತ್ತಾ ಕುಣಿಯುತ್ತಿದ್ದ. ಹುಳಕ್ಕೆ ಏನೂ ಆಗಲಿಲ್ಲ. ಆದರೆ ಆ ಸಲ ಗೂಡು ಸಣ್ಣದಾಗಿದ್ದಕ್ಕೆ, ಮಳೆ ತಡವಾಗಿದ್ದಕ್ಕೆ, ಕೊನೆಗೆ ಎಮ್ಮೆ ಹಾಲು ಕಡಿಮೆ ಕೊಟ್ಟಿದ್ದಕ್ಕೂ ಸೊಸೆಯ ಘಾಟೇ ಕಾರಣವಾಯಿತು. ಘಾಟಮ್ಮ ಎಂಬ ಹೆಸರು ಅಂದು ಅಂಟಿದ್ದು.

ಅವತ್ತಿನಿಂದ ಮಾಯಮ್ಮ ಮನೆಯೊಳಗೆ ಹುರಿದವಳಲ್ಲ. ಹುಳ ಇದ್ದಷ್ಟು ದಿನ ಬೇಯಿಸಿದ ಸೊಪ್ಪು, ಒಗ್ಗರಣೆಯಿಲ್ಲದ ಸಾರು, ಮುದ್ದೆ. ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹೋದ ಮರುದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಗಾಳಿ ಯಾವ ಕಡೆ ಬೀಸುತ್ತದೆಂದು ಒಲೆಯ ಬೂದಿ ತೂರಿ ನೋಡಿ, ಅಕ್ಕಪಕ್ಕದವರ ಹುಳ ಎಷ್ಟು ಬೆಳೆದಿವೆ ಎಂದು ವಿಚಾರಿಸಿ, ಆಮೇಲೆ ಹುರಿಯುತ್ತಿದ್ದಳು. ಹೀಗಾಗಿ ಆ ಘಾಟು ಎದ್ದ ದಿನ ಊರಿಗೆ ಊರೇ, "ಬೋರಲಿಂಗಯ್ಯನ ಗೂಡು ಮಾರ್ಕೆಟ್ಗೆ ಹೋಯ್ತು" ಎಂದು ತಿಳಿದುಕೊಳ್ಳುತ್ತಿತ್ತು.

ಬೋರಲಿಂಗಯ್ಯ ಕೆಟ್ಟವನಲ್ಲ. ಬೈಗುಳ ಬಾರದ ಗಂಡಸು. ಆದರೆ ಅವನ ಪ್ರೀತಿಯೆಲ್ಲ ಹುಳಕ್ಕೆ. ಒಂದೊಂದು ತಟ್ಟೆಯ ಮುಂದೆಯೂ ನಿಂತು, "ತಿನ್ರಪ್ಪ, ತಿನ್ನಿ" ಎಂದು ಉಪಚಾರ ಮಾಡುತ್ತಿದ್ದ. ಹೆಂಡತಿಗೆ ಒಂದು ದಿನವೂ ಹಾಗಂದದ್ದಿಲ್ಲ. ಈಗೆಲ್ಲ ಹೊಲದಲ್ಲಿ ಬೇರೆ ಶೆಡ್ಡು ಕಟ್ಟಿ ಹುಳ ಸಾಕುತ್ತಾರೆ. ಅವನ ತಮ್ಮನ ಮಗ ನಟರಾಜು ಕೂಡ ಕೆರೆ ಏರಿಯ ಆಚೆ ದೊಡ್ಡ ಶೆಡ್ಡು ಕಟ್ಟಿಸಿದ್ದ. ಬೋರಲಿಂಗಯ್ಯನಿಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಶೆಡ್ಡಿನ ಪೂಜೆಯ ದಿನ ಹತ್ತು ಜನರ ಮುಂದೆ, "ಹುಳ ಅಂದ್ರೆ ಮನೆ ಮಕ್ಳು ಕಣ್ಲಾ. ಮಕ್ಳ ತಗಂಡೋಗಿ ಹೊಲ್ದಲ್ಲಿ ಬುಡ್ತಾರೇನ್ಲಾ?" ಎಂದುಬಿಟ್ಟಿದ್ದ. ನಟರಾಜು ನಕ್ಕುಬಿಟ್ಟ, ಆದರೆ ಅಂದಿನಿಂದ ದೊಡ್ಡಪ್ಪನ ಮನೆ ಕಡೆ ಬರುವುದು ಕಡಿಮೆ ಮಾಡಿದ. ದೊಡ್ಡಪ್ಪನೂ ಕೆರೆ ಏರಿ ದಾಟಲಿಲ್ಲ.

ಈ ದಂಪತಿಗೆ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಪ್ರತಿಮಾ. ಅವಳನ್ನು ಕನಕಪುರದ ಆಚೆ ಉಯ್ಯಂಬಳ್ಳಿಯ ಪುನೀತನಿಗೆ ಕೊಟ್ಟಿದ್ದರು. ಅವಳೀಗ ಚೊಚ್ಚಲ ಬಸುರಿಯಾಗಿ, ಸೀಮಂತ ಮುಗಿಸಿ, ಹೆರಿಗೆಗೆ ತವರಿಗೆ ಬಂದಿದ್ದಳು. ಮಾಯಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಾಳುಮೆಣಸು, ಹಿಪ್ಪಲಿ, ಒಣಶುಂಠಿ, ಓಮ, ಜೀರಿಗೆ, ಧನಿಯ, ಕೆಂಪು ಸಿಪ್ಪೆಯ ನಾಟಿ ಬೆಳ್ಳುಳ್ಳಿ, ಎಲ್ಲವನ್ನೂ ಆರಿಸಿ ಒಣಗಿಸಿ ಡಬ್ಬಿಯಲ್ಲಿಟ್ಟಿದ್ದಳು. ಬಾಣಂತಿ ಖಾರಕ್ಕೆ.

ತನ್ನ ಬಾಣಂತನವನ್ನು ಬೈರಾಪಟ್ಟಣದಲ್ಲಿ ತಾಯಿ ಮಾಡಿದ್ದು ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕತ್ತಲೆ ಕೋಣೆ, ಪಕ್ಕದಲ್ಲಿ ಕೂಸು, ಅಡುಗೆಮನೆಯಿಂದ ಮೆಣಸು ಹಿಪ್ಪಲಿ ಹುರಿಯುವ ಘಾಟು. ಕಣ್ಣಲ್ಲಿ ನೀರು, ಮೈಯಲ್ಲಿ ಬೆವರು, ಮನಸ್ಸಿನಲ್ಲಿ ಎಂಥದೋ ನಿಶ್ಚಿಂತೆ. ಘಾಟು ಅಂದರೆ ಮಾಯಮ್ಮನ ಪಾಲಿಗೆ ಅವ್ವ ಒಳಗಿದ್ದಾಳೆ ಎಂಬ ಸುದ್ದಿ. ಆ ಸುದ್ದಿಯನ್ನು ತನ್ನ ಮಗಳಿಗೂ ಒಂದು ಸಲ ಮುಟ್ಟಿಸಬೇಕೆಂದು ಅವಳ ಆಸೆ. ಒಬ್ಬಳೇ ಮಗಳು, ಮತ್ತೆ ಈ ಅವಕಾಶ ಬರುತ್ತದೋ ಇಲ್ಲವೋ.

ಬೋರಲಿಂಗಯ್ಯ ಇಲ್ಲೇ ಎಡವಿದ್ದು. ಡಾಕ್ಟರು ಕೊಟ್ಟ ತಾರೀಖಿನ ಪಕ್ಕ ಹುಳದ ಬೆಳೆಯ ತಾರೀಖು ಇಟ್ಟು ಲೆಕ್ಕ ಹಾಕಿದ. "ಚೊಚ್ಚಲು ಯಾವತ್ತೂ ತಡವೇ ಕಣಮ್ಮಿ. ಅಷ್ಟೊತ್ಗೆ ಗೂಡು ಬಿಡ್ಸಿ, ಮನೆ ತೊಳ್ದು, ಸುಣ್ಣ ಬಳ್ದು, ನಿನ್ನ ಮಗಳ್ಗೆ ಅರಮನೆ ಮಾಡ್ಕೊಡ್ತೀನಿ" ಎಂದು ಮರಿಹುಳ ತಂದು ತಟ್ಟೆಗೆ ಬಿಟ್ಟ. ಮನೆಗೆ ಬರುವ ಎಲ್ಲ ಜೀವವೂ ತನ್ನ ಹುಳದಂತೆ ಹೇಳಿದ ದಿನಕ್ಕೆ ಹಣ್ಣಾಗುತ್ತದೆ ಎಂದು ಅವನ ನಂಬಿಕೆ. ಒಳಗಿದ್ದ ಕೂಸಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಹಸಿದು ಬಾಯಿ ತೆರೆದು ಕೂತ ವಾರವೇ, ಹೇಳದೆ ಕೇಳದೆ ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿಬಿಟ್ಟಿತು. ಹೆಣ್ಣುಮಗು, ತಲೆ ತುಂಬ ಕೂದಲು.

ಸುದ್ದಿ ತಿಳಿದು ಉಯ್ಯಂಬಳ್ಳಿಯಿಂದ ಪುನೀತನ ತಾಯಿ ರಾಧಾಮಣಿ ಬಂದಳು. ಮೊಮ್ಮಗಳನ್ನು ಎತ್ತಿ, ಮುದ್ದಾಡಿ, ದೃಷ್ಟಿ ತೆಗೆದು, ಆಮೇಲೆ ವಿಷಯಕ್ಕೆ ಬಂದಳು.

"ಅತ್ಗೆ, ಬಾಣಂತಿ ಖಾರ ಆಯ್ತಾ?"

"ಇನ್ನೂ ಇಲ್ಲ ಅತ್ಗೆ. ಹುಳ ಅವೆ ನೋಡಿ, ಅವು ಗೂಡು ಕಟ್ಟಿ ಇಳಿದ್ ತಕ್ಷಣ..."

"ಹುಳ ಇಳಿಯೋವರ್ಗೂ ಬಾಣಂತಿ ಏನ್ ತಿನ್ನಬೇಕು, ಸೊಪ್ಪಾ?" ರಾಧಾಮಣಿಯ ದನಿ ಏರಿತು. ಘಾಟಿನ ವಿಷಯದಲ್ಲಿ ಆಕೆಯೂ ಕಡಿಮೆಯವಳಲ್ಲ. "ಮೆಣಸು ಸಾರಿಲ್ಲ, ಬೆಳ್ಳುಳ್ಳಿ ಒಗ್ಗರಣೆ ಇಲ್ಲ, ತಲೆಗೆ ನೀರಾಕುದ್ರೆ ಕೂದ್ಲು ಆರ್ಸಕ್ಕೆ ಒಸಿ ಸಾಂಬ್ರಾಣಿ ಹೊಗೆ ಇಲ್ಲ. ನಿಮ್ಮನೇಲಿ ಬಾಣಂತಿ ನನ್ ಸೊಸೆಯೋ, ನಿಮ್ ಹುಳವೋ? ನಾಳೆ ಡಿಸ್ಚಾರ್ಜ್ ಮಾಡ್ತಾರೆ. ನಾನೇ ಕರ್ಕೊಂಡೋಯ್ತೀನಿ. ತಪ್ಪು ತಿಳ್ಕಬ್ಯಾಡಿ."

ಪುನೀತ ನಡುವೆ ಬಾಯಿ ಹಾಕಿ, "ಅಂಗಡೀಲಿ ಪ್ಯಾಕೆಟ್ ಖಾರ ಸಿಗ್ತದೆ" ಅಂದ. ಇಬ್ಬರು ಬೀಗಿತ್ತಿಯರೂ ಒಟ್ಟಿಗೆ ತಿರುಗಿ ನೋಡಿದ ನೋಟಕ್ಕೆ ಅವನು ಟೀ ತರುತ್ತೇನೆಂದು ಎದ್ದು ಹೋದ. ಅವತ್ತು ಇಬ್ಬರೂ ಒಪ್ಪಿದ್ದು ಅದೊಂದೇ ವಿಷಯದಲ್ಲಿ.

ಬೀಗಿತ್ತಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ಮಾಯಮ್ಮನಿಗೆ ಅದೇ ತೊಂದರೆ. ಮಂಚದ ಮೇಲೆ ಪ್ರತಿಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಗಿಲಲ್ಲಿ ನಿಂತಿದ್ದ ಬೋರಲಿಂಗಯ್ಯ ಟವೆಲ್ಲಿನ ತುದಿಯನ್ನು ಹಿಂಡುತ್ತಿದ್ದ.

ಮಾಯಮ್ಮ ಸೋಲುವ ಪೈಕಿಯಲ್ಲ. ಅದೇ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ ಬಂದವಳು ಬಾಣಲೆ, ಡಬ್ಬಿ, ಸೌದೆ ಹೊತ್ತುಕೊಂಡು ಹೊಲದ ಕಡೆ ಹೊರಟಳು. ಖಾರ ಒಂದಾದರೂ ತಯಾರಾದರೆ ಬೀಗಿತ್ತಿಯ ಮುಂದೆ ಮಾತಾಡಲು ಮುಖವಿರುತ್ತದೆ ಎಂದು ಅವಳ ಯೋಚನೆ. ಹೊಂಗೆ ಮರದ ಕೆಳಗೆ ಕಲ್ಲು ಹೂಡಿ ಬೂದಿ ತೂರಿದಳು. ಗಾಳಿ ಪಡುವಣಕ್ಕೆ. ಆ ಕಡೆ ಮರಿಯಪ್ಪನ ಹುಳದ ಮನೆ, ಅಲ್ಲಿ ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುತ್ತಿವೆ. ಎದ್ದು ಇನ್ನೊಂದು ಬದಿಗೆ ಹೋಗಿ ಕಾದಳು. ಗಾಳಿ ತಿರುಗಿತು. ಈ ಕಡೆ ಗಂಗಹನುಮಯ್ಯನ ಶೆಡ್ಡು. ಇಡೀ ಊರೇ ಈ ವಾರ ಹುಳಕ್ಕೆ ಸೊಪ್ಪು ಹಾಕುತ್ತಿರುವಾಗ ಗಾಳಿ ತಾನೇ ಏನು ಮಾಡೀತು, ಎಲ್ಲಿಗೆ ಹೋದರೂ ಯಾರದೋ ಬಾಗಿಲು. ಕೊನೆಗೆ ಧೈರ್ಯ ಮಾಡಿ ಒಂದು ಹಿಡಿ ಮೆಣಸು ಬಾಣಲೆಗೆ ಹಾಕಿದಳು. ಘಮ ಬಂತು. ಇನ್ನೇನು ಘಾಟು ಏಳಬೇಕು, ಮರಿಯಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬದುವಿನ ಮೇಲೆ ಓಡಿ ಬರುತ್ತಿದ್ದ.

"ಘಾಟಮ್ಮಕ್ಕ! ನಿನ್ ಕಾಲಿಗ್ ಬೀಳ್ತೀನಿ, ಆರ್ಸು! ಹಣ್ಣುಳ ಅವೆ, ಹೊಟ್ಟೆ ಮ್ಯಾಲೆ ಹೊಡೀಬ್ಯಾಡ!"

ಮಾಯಮ್ಮ ಬಾಣಲೆ ಇಳಿಸಿ ಬೆಂಕಿಗೆ ಮಣ್ಣು ಹಾಕಿದಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಬೇಡಿಕೊಳ್ಳುವವನನ್ನು ಬೈಯುವುದು ಅವಳಿಗೆ ಬಾರದ ವಿದ್ಯೆ.

ಮನೆಗೆ ಬಂದು ಜಗುಲಿಯ ಮೇಲೆ ಕುಕ್ಕರಿಸಿದಳು. ಒಳಗೆ ಬೋರಲಿಂಗಯ್ಯ ಹುಳಕ್ಕೆ ಸೊಪ್ಪು ಹಾಕುತ್ತಿದ್ದ. ಅವನು ಹೊರಗೆ ಬಂದಾಗ ಅವಳು ತಲೆ ಎತ್ತದೆಯೇ ಹೇಳಿದಳು.

"ಕಳ್ಸ್ಬುಡನ. ಅವ್ರು ಹೇಳದು ನ್ಯಾಯವಾಗೈತೆ. ಇಲ್ಲಿಟ್ಕಂಡು ಮಗಳ್ಗೆ ಸಪ್ಪೆ ಅನ್ನ ಇಕ್ಕಕ್ಕಿಂತ ಅಲ್ಲಿ ಚೆನ್ನಾಗಿ ನೋಡ್ಕತಾರೆ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನ್ ಒಂದೇ ಒಂದು ಕೇಳ್ಕಂಡಿದ್ದೆ ಕಣ್ರೀ ದೇವ್ರ. ನನ್ ಮಗಳ ಬಾಣಂತನ ನನ್ ಕೈಯಲ್ಲಿ ಆಗ್ಲಿ ಅಂತ."

ಬೋರಲಿಂಗಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದು ಹೋದ. ಹೆಂಡತಿ ಕಣ್ಣೀರು ಹಾಕುತ್ತಿದ್ದರೆ ಎದ್ದು ಹೋಗುವ ಗಂಡಸು! ಕಲ್ಲುಗುಂಡು, ಕಲ್ಲುಗುಂಡು ಎಂದು ಮಾಯಮ್ಮ ಮನಸ್ಸಿನಲ್ಲೇ ಬೈದುಕೊಂಡಳು. ಕತ್ತಲಾದ ಮೇಲೆ ತಿರುಗಿ ಬಂದವನು ಊಟ ಮಾಡಿ ಹುಳ ನೋಡಿ ಮಲಗಿದ.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು. ಡಿಸ್ಚಾರ್ಜು ಆಯಿತು. ಪ್ರತಿಮಾಳ ಬಟ್ಟೆಬರೆ ಅಕ್ಕೂರಿನಲ್ಲೇ ಇದ್ದುದರಿಂದ, ಅಲ್ಲಿ ಕಾರು ನಿಲ್ಲಿಸಿ, ಮಗುವಿಗೆ ತವರಿನ ಹೊಸ್ತಿಲು ತೋರಿಸಿ, ಬಟ್ಟೆ ತೆಗೆದುಕೊಂಡು ಉಯ್ಯಂಬಳ್ಳಿಗೆ ಹೊರಡುವುದು ಎಂದು ತೀರ್ಮಾನವಾಯಿತು. ಕಾರಿನಲ್ಲಿ ಮಾಯಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಈ ದಾರಿ ಇಷ್ಟು ಬೇಗ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಬೀದಿಯ ತಿರುವಿನಲ್ಲಿ ಕಾರು ನಿಲ್ಲಬೇಕಾಯಿತು. ಎದುರಿಗೆ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಮನೆಯ ಮುಂದೆ ಜನ. ಒಳಗಿನಿಂದ ಹುಳದ ತಟ್ಟೆಗಳು ಒಂದರ ಹಿಂದೆ ಒಂದು ಹೊರಗೆ ಬರುತ್ತಿದ್ದವು.

ಈ ಹಂತದಲ್ಲಿ ತಟ್ಟೆ ಬೀದಿಗೆ ಬರುವುದು ಒಂದೇ ಕಾರಣಕ್ಕೆ. ಹುಳಕ್ಕೆ ರೋಗ ಬಡಿದು ಗುಂಡಿಗೆ ಸುರಿಯಬೇಕಾದಾಗ. ನಿನ್ನೆ ಹೊಲದಲ್ಲಿ ಎದ್ದ ಘಾಟು ಇಲ್ಲಿಗೇ ಬಂತೇ? ಮಾಯಮ್ಮ ಮಗುವನ್ನು ಪ್ರತಿಮಾಳ ಕೈಗೆ ಕೊಟ್ಟವಳೇ ಓಡಿದಳು.

"ಏನಂದ್ರೆ! ಹುಳ ಹೋದವಾ?"

ತಲೆಯ ಮೇಲೆ ತಟ್ಟೆ ಹೊತ್ತಿದ್ದ ಬೋರಲಿಂಗಯ್ಯ ನಿಂತ. "ಹೋಗಿಲ್ಲ ಕಣಮ್ಮಿ. ಚೆನ್ನಾಗವೆ. ನಟರಾಜನ ಶೆಡ್ಗೆ ಹೋಯ್ತಾವೆ, ಅಷ್ಟೇಯ."

"ಶೆಡ್ಗಾ?"

"ಹುಳ ಎಲ್ಲಾದ್ರೂ ಗೂಡು ಕಟ್ತವೆ" ಎಂದು ಅವನು ಟ್ರ್ಯಾಕ್ಟರಿನ ಕಡೆ ಮುಖ ತಿರುಗಿಸಿದ. "ಮಗಳು ಎಲ್ಲೆಲ್ಲೋ ಯಾಕಿರಬೇಕು?"

ಮಾಯಮ್ಮನಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದವು. ಟ್ರ್ಯಾಕ್ಟರಿನ ಮೇಲೆ ನಿಂತು ತಟ್ಟೆ ಜೋಡಿಸುತ್ತಿದ್ದ ನಟರಾಜು ಬಾಯಿ ಮುಚ್ಚಿಕೊಂಡಿರಲಾರದೆ ಹೇಳಿಯೇ ಬಿಟ್ಟ.

"ದೊಡ್ಡವ್ವ, ನಿನ್ನೆ ಸಾಯಂಕಾಲ ದೊಡ್ಡಪ್ಪ ಬಂದು ಶೆಡ್ಡಿನ ಬಾಗ್ಲಲ್ಲಿ ನಿಂತ್ಕಂಡ್ರು. 'ನಿನ್ ಶೆಡ್ನಲ್ಲಿ ಗಾಳಿ ಚೆನ್ನಾಗಾಡ್ತದೆ ಕಣ್ಲಾ' ಅಂದ್ರು. ನಾನು ಹೂಂ ಅಂದೆ. ಒಸಿ ಹೊತ್ತು ಬುಟ್ಟು, 'ಆ ಕಡೆ ಸ್ಟ್ಯಾಂಡು ಖಾಲಿ ಬಿದ್ದೈತಲ್ಲ' ಅಂದ್ರು. ಅದ್ಕೂ ಹೂಂ ಅಂದೆ. ಮತ್ತೆ, 'ಗಾಳಿ ಬಲೇ ಚೆನ್ನಾಗೈತೆ' ಅಂದ್ರು. ನಂಗೆ ಅರ್ಥ ಆಗಕ್ಕೆ ಕತ್ಲಾಗ್ಬುಡ್ತು!"

"ನಿಂಗೆ ಬುದ್ಧಿ ನಿಧಾನ ಅಂತ ನಾನಾಗ್ಲೇ ನಿಮ್ಮಪ್ಪಂಗೆ ಹೇಳಿದ್ದೆ" ಎಂದು ಬೋರಲಿಂಗಯ್ಯ ಗದರಿದ. ಅವನ ಕಿವಿ ಕೆಂಪಾಗಿತ್ತು. ಒಬ್ಬರ ಹುಳವನ್ನು ಇನ್ನೊಬ್ಬರು ತಮ್ಮ ಶೆಡ್ಡಿಗೆ ಬಿಟ್ಟುಕೊಳ್ಳುವುದು ಈ ಸೀಮೆಯಲ್ಲಿ ನಡೆಯದ ಮಾತು. ರೋಗ ಬಂದೀತೆಂಬ ಭಯ, ಕಣ್ಣು ಬಿದ್ದೀತೆಂಬ ಭಯ. ಕೇಳುವುದೇ ಕಷ್ಟ, ಅದರಲ್ಲೂ ಹತ್ತು ಜನರ ಮುಂದೆ ಹೀಗಳೆದ ಶೆಡ್ಡನ್ನು. ಬೋರಲಿಂಗಯ್ಯ ಕೇಳಿದ್ದ, ನಟರಾಜು ಕೊಟ್ಟಿದ್ದ.

ಇಷ್ಟರಲ್ಲಿ ರಾಧಾಮಣಿ ಕಾರಿನಿಂದಿಳಿದು ಬಂದಿದ್ದಳು. ಏನು ನಡೆಯುತ್ತಿದೆ ಎಂದು ತಿಳಿಯಲು ಆಕೆಗೆ ಬಹಳ ಹೊತ್ತು ಬೇಕಾಗಲಿಲ್ಲ. ತಟ್ಟೆಗಳನ್ನು ನೋಡಿದಳು, ಬೀಗರ ಬೆವರಿದ ಮುಖ ನೋಡಿದಳು, ಬೀಗಿತ್ತಿಯ ಒದ್ದೆ ಕಣ್ಣು ನೋಡಿದಳು. ಆಮೇಲೆ ರೇಷ್ಮೆ ಸೀರೆಯ ಸೆರಗನ್ನು ಎಳೆದು ಸೊಂಟಕ್ಕೆ ಕಟ್ಟಿದಳು.

"ಏನ್ ನೋಡ್ಕಂಡ್ ನಿಂತಿದ್ದೀಯ ಪುನೀತ? ಹಿಡ್ಕ ಒಂದ್ ತಟ್ಟೆಯ. ಹಿಂಗ್ ನಿಂತ್ರೆ ಬಾಣಂತಿ ಒಳಕ್ಕೋಗದು ಯಾವಾಗ?"

"ಬ್ಯಾಡ ತಾಯಿ, ನಿಮಗ್ಯಾಕೆ" ಎಂದು ಬೋರಲಿಂಗಯ್ಯ ಅನ್ನುವುದರೊಳಗೆ ಆಕೆ ಒಂದು ತಟ್ಟೆ ಎತ್ತಿಯಾಗಿತ್ತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ದಪ್ಪನೆಯ ಹುಳವೊಂದು ಬಳೆ ದಾಟಿ ಮುಂಗೈ ಹತ್ತಿತು. ರಾಧಾಮಣಿ ಹಾಕಿದ ಕೂಗು ಮರಿಯಪ್ಪನ ಮನೆಯವರೆಗೂ ಕೇಳಿಸಿತು. ಆದರೆ ತಟ್ಟೆಯನ್ನು ಕೆಳಗೆ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು, "ತಗೀರಪ್ಪೋ, ತಗೀರಪ್ಪೋ" ಎನ್ನುತ್ತಾ ಟ್ರ್ಯಾಕ್ಟರಿನವರೆಗೂ ನಡೆದಳು. ಜಗುಲಿಯ ಮೇಲೆ ಮಗುವನ್ನಿಟ್ಟುಕೊಂಡು ಕೂತಿದ್ದ ಪ್ರತಿಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಲಿಗೆ ನೋಯುತ್ತದೆ, ನಗಿಸಬೇಡಿ ಎಂದು ಬೇಡಿಕೊಂಡು ಮತ್ತೆ ನಕ್ಕಳು.

ಟ್ರ್ಯಾಕ್ಟರು ಹೋಯಿತು. ಮನೆ ಬಿಕೋ ಎನ್ನುವಂತೆ ಖಾಲಿಯಾಯಿತು. ನೆಲ ತೊಳೆದು, ಕೋಣೆಯಲ್ಲಿ ಹಾಸಿಗೆ ಹಾಸಿ, ಮಾಯಮ್ಮ ಅಡುಗೆಮನೆಗೆ ಬಂದು ಒಲೆಯ ಮುಂದೆ ಕೂತಳು. ಖಾರ ಆಗುವವರೆಗೂ ಬಾಣಂತಿಯನ್ನೂ ಕೂಸನ್ನೂ ಬೀದಿಯಾಚೆಯ ಮನೆಯ ಜಗುಲಿಯಲ್ಲಿ ಕೂರಿಸಿದ್ದಾಯಿತು. ಸುತ್ತಲಿನ ಹುಳದ ಮನೆಯವರಿಗೆಲ್ಲ ಪುನೀತ ಹೋಗಿ ಕಿಟಕಿ ಮುಚ್ಚಿಕೊಳ್ಳಲು ಹೇಳಿ ಬಂದ. ಬಾಣಂತಿ ಖಾರಕ್ಕೆಂದು ತಿಳಿದ ಮೇಲೆ ಮರಿಯಪ್ಪ ಕಿಟಕಿ ಮುಚ್ಚಿದ್ದಲ್ಲದೆ ಸಂದುಗಳಿಗೆ ಒದ್ದೆ ಗೋಣಿಚೀಲವನ್ನೂ ಸಿಕ್ಕಿಸಿದ. ಇನ್ನು ಬೂದಿ ತೂರಿ ಗಾಳಿ ನೋಡುವ ಕೆಲಸವಿಲ್ಲ. ಯಾರೂ ಮೊರ ಹಿಡಿದು ಓಡಿ ಬರುವುದಿಲ್ಲ.

ಮೊದಲು ಧನಿಯ, ಜೀರಿಗೆ. ಆಮೇಲೆ ಓಮ. ಕೊನೆಗೆ ಮೆಣಸು, ಹಿಪ್ಪಲಿ. ಘಮ ಎದ್ದಿತು, ಮನೆಯ ಮೂಲೆ ಮೂಲೆಗೆ ನಡೆದುಹೋಗಿ ಬಂತು. ಅದರ ಹಿಂದೆಯೇ ಘಾಟು. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಖಾಲಿ ಸ್ಟ್ಯಾಂಡುಗಳ ನಡುವೆ ಹಾದು ಜಗುಲಿಗೆ, ಜಗುಲಿಯಿಂದ ಬೀದಿಗೆ. ಮಾಯಮ್ಮನಿಗೆ ಒಂದು ಕೆಮ್ಮು ಬಂತು. ಹೊರಗೆ ಪುನೀತ ಸೀನಿದ. ಯಾರದೋ ಮನೆಯ ನಾಯಿ ಸೀನಿಕೊಂಡು ಎದ್ದು ಹೋಯಿತು. ಎರಡನೇ ಕೆಮ್ಮು ಬಂತು, ಮಾಯಮ್ಮ ಬಾಣಲೆ ಇಳಿಸಿದಳು. ಕಣ್ಣಿನಿಂದ ನೀರು ಧಾರಾಕಾರ ಹರಿಯುತ್ತಿತ್ತು. ಅದರಲ್ಲಿ ಘಾಟಿನದೆಷ್ಟು, ಸಂತೋಷದ್ದೆಷ್ಟು ಎಂದು ಬೇರೆ ಮಾಡಿ ನೋಡುವ ಗೊಡವೆಗೆ ಅವಳು ಹೋಗಲಿಲ್ಲ.

ಸೆರಗಿನಿಂದ ಮೂಗು ಮುಚ್ಚಿಕೊಂಡು ರಾಧಾಮಣಿ ಒಳಗೆ ಬಂದಳು. ಬಾಣಲೆಯ ಹತ್ತಿರ ಬಂದು ಸೆರಗು ತೆಗೆದಳು. ಉಸಿರೆಳೆದುಕೊಂಡಳು. ಕೆಮ್ಮಿದಳು. ಮತ್ತೆ ಎಳೆದುಕೊಂಡಳು.

"ಅತ್ಗೆ" ಎಂದಳು ಕಣ್ಣೊರೆಸಿಕೊಳ್ಳುತ್ತಾ, "ನಮ್ಮವ್ವ ಹಿಂಗೇ ಹುರೀತಿದ್ರು. ನಂಗೆ ಈ ಹದ ಬರಕ್ಕಿಲ್ಲ ಕಣ್ರೀ. ಸೀಸ್ಬುಡ್ತೀನಿ." ಆಮೇಲೆ ಒರಳುಕಲ್ಲು ಎಲ್ಲಿ ಎಂದು ಕೇಳಿ ತಾನೇ ಕುಟ್ಟಲು ಕೂತಳು.

ಬಿಸಿ ಅನ್ನ, ಮೇಲೆ ತುಪ್ಪ, ಖಾರದ ಪುಡಿ, ಸುಟ್ಟ ಬೆಳ್ಳುಳ್ಳಿ. ಪ್ರತಿಮಾ ತನ್ನ ಕೋಣೆಯಲ್ಲಿ ಕೂತು ಮೊದಲ ತುತ್ತು ಬಾಯಿಗಿಟ್ಟಳು. ಹಣೆಯ ಮೇಲೆ ಬೆವರು ಮೂಡಿತು, ಮೂಗು ಸುರಿಯಿತು. "ಅವ್ವ, ಹೊಟ್ಟೆಯೆಲ್ಲ ಬೆಚ್ಚಗಾಯ್ತು" ಎಂದು ತಟ್ಟೆ ಮುಂದೆ ಚಾಚಿದಳು. ಮಾಯಮ್ಮ ಇನ್ನೊಂದು ಮುಟಿಗೆ ಅನ್ನ ಬಡಿಸಿದಳು. ಅವಳಿಗೆ ಬೇಕಾಗಿದ್ದು ಇಷ್ಟೇ.

ರಾಧಾಮಣಿ ಹೊರಡುವಾಗ ಮೊಮ್ಮಗಳ ಕೆನ್ನೆ ಹಿಂಡಿ, "ಮೂರ್ ತಿಂಗ್ಳು ಬುಟ್ಟು ಬತ್ತೀನಿ. ಅಲ್ಲೀಗಂಟ ನಿಮ್ಮಜ್ಜಿ ಇಕ್ಕಿದ್ದ ತಿನ್ಕಂಡು ನಿಮ್ಮವ್ವ ದಪ್ಪ ಆಗ್ಲಿ" ಎಂದಳು. ಒಂದು ಡಬ್ಬಿ ಖಾರ ತನಗೂ ಕಟ್ಟಿಸಿಕೊಂಡಳು. ಮನೆಯಲ್ಲಿ ಬಾಣಂತಿ ಯಾರೂ ಇಲ್ಲವಲ್ಲ ಅಂದರೆ, "ನಾನೇನ್ ಹೆತ್ತಿಲ್ವಾ?" ಎಂದು ಕಾರು ಹತ್ತಿದಳು.

ಹೊತ್ತು ಇಳಿಯುವ ವೇಳೆಗೆ ಬೋರಲಿಂಗಯ್ಯ ಹುಳಕ್ಕೆ ಸೊಪ್ಪು ಹಾಕಲು ಕೆರೆ ಏರಿ ದಾಟಿ ಹೋದ. ಹೋದವನು ಅಷ್ಟೇ ಬೇಗ ವಾಪಸು ಬಂದ. ಜಗುಲಿಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಮಾಯಮ್ಮ ಗಾಬರಿಯಾಗಿ ಎದ್ದಳು.

"ಏನಾಯ್ತು? ಹುಳ ಸೊಪ್ಪು ತಿಂತಿಲ್ವಾ?"

"ತಿಂತಾವಂತೆ. ನಂಗೇನ್ ಗೊತ್ತು." ಬೋರಲಿಂಗಯ್ಯ ಅವಳ ಪಕ್ಕ ಕೂತ. "ನಟರಾಜ ನನ್ನ ಒಳಕ್ಕೇ ಬುಡ್ನಿಲ್ಲ ಕಣಮ್ಮಿ. ಬಾಗ್ಲಲ್ಲೇ ತಡ್ದು, 'ದೊಡ್ಡಪ್ಪ, ಮೈಯೆಲ್ಲ ಘಾಟು ಹೊಡೀತೀಯ, ಹುಳಕ್ಕಾಗಕ್ಕಿಲ್ಲ, ಆಚೆಗೋಗು' ಅಂದ್ಬುಟ್ಟ. ನನ್ ಹುಳದ ಹತ್ರಕ್ಕೆ ನನ್ನೇ ಬುಡ್ನಿಲ್ಲ!"

ಇದನ್ನು ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬಂತು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. ಮಾಯಮ್ಮನೂ ನಕ್ಕಳು. ಅವನು ಹೀಗೆ ಬಾಯಿ ತುಂಬ ನಕ್ಕಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಒಳಗೆ ಕೂಸು ಎದ್ದು ಅಳತೊಡಗಿತು, ಪ್ರತಿಮಾ ಅದನ್ನು ಸಮಾಧಾನ ಮಾಡುವುದು ಕೇಳಿಸಿತು.

"ಬಚ್ಚಲಲ್ಲಿ ಬಿಸಿನೀರೈತೆ, ಸೋಪು ಹಚ್ಚಿ ತೊಳ್ಕಂಡು, ಬಟ್ಟೆ ಬದ್ಲಾಯ್ಸ್ಕಂಡು ಹೋಗಿ" ಎಂದಳು ಮಾಯಮ್ಮ. "ಆಗ ಬುಡ್ತಾನೆ."

ಬೋರಲಿಂಗಯ್ಯ ಅಂಗಿಯ ತೋಳನ್ನು ಮೂಗಿಗೆ ಹಿಡಿದು ನೋಡಿದ. ಕೆಮ್ಮಿದ. ಮತ್ತೆ ಹಿಡಿದು ನೋಡಿದ.

"ಬ್ಯಾಡ ಬುಡು, ಇವತ್ತು ಅವನೇ ಸೊಪ್ಪು ಹಾಕ್ಲಿ" ಎಂದು ಕಾಲು ಚಾಚಿ ಗೋಡೆಗೆ ಒರಗಿಕೊಂಡ. "ಮಗಳಿಗೆ ಕೊಟ್ಯಲ್ಲ, ಆ ಅನ್ನ ಒಸಿ ನಂಗೂ ಇಕ್ಕು. ಖಾರ ಜಾಸ್ತಿನೇ ಹಾಕು."